ಕ್ಯಾಮೆರಾ ಮುಂದೆ ಮನೆಮಾತು: ವಿಡಿಯೊದಲ್ಲಿ ನೀವು ನೀವಾಗಿಯೇ ಕಾಣಲು ಸಮಗ್ರ ಮಾರ್ಗದರ್ಶಿ

ಪಕ್ಕದ ಮನೆಯವರು ಬಂದು "ನಮ್ಮ ರೊಟ್ಟಿ ಯಾಕೆ ಒಡೆಯುತ್ತೆ?" ಎಂದು ಕೇಳಿದರೆ ಅಡುಗೆಮನೆಯಲ್ಲಿ ನಿಂತು ಐದು ನಿಮಿಷ ಬಿಡಿಸಿ ಹೇಳುವವರು, ಅದೇ ಮಾತನ್ನು ಫೋನಿನ ಮುಂದೆ ಹೇಳಲು ನಿಂತಾಗ "ನಮಸ್ಕಾರ ವೀಕ್ಷಕರೇ, ಇಂದಿನ ಸಂಚಿಕೆಯಲ್ಲಿ ನಾವು ಜೋಳದ ರೊಟ್ಟಿಯನ್ನು ಮಾಡುವ ವಿಧಾನವನ್ನು ತಿಳಿದುಕೊಳ್ಳೋಣ" ಎಂದು ಶುರು ಮಾಡುತ್ತಾರೆ. ಮುಖ ಬಿಗಿಯುತ್ತದೆ, ದನಿ ಒಂದು ಮಟ್ಟ ಮೇಲೇರುತ್ತದೆ, ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಧೈರ್ಯ ಸಾಲದ್ದಕ್ಕೆ ಹೀಗಾಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಕಾರಣ ಬೇರೆ. ಆ ಹೊತ್ತಿನಲ್ಲಿ ಅವರ ತಲೆ ಮೂರು ಹೊರೆ ಹೊತ್ತಿರುತ್ತದೆ: ಮುಂದಿನ ವಾಕ್ಯ ನೆನಪಿಟ್ಟುಕೊಳ್ಳುವುದು, ಪರದೆಯಲ್ಲಿ ತಮ್ಮ ಮುಖ ಹೇಗೆ ಕಾಣುತ್ತಿದೆ ಎಂದು ನೋಡುವುದು, ಫೋನು ಸರಿಯಾಗಿ ರೆಕಾರ್ಡ್ ಮಾಡುತ್ತಿದೆಯೇ ಎಂದು ಆತಂಕಪಡುವುದು. ಹೇಳಬೇಕಾದ ವಿಷಯಕ್ಕೆ ಜಾಗವೇ ಉಳಿದಿರುವುದಿಲ್ಲ.

"ಸಹಜವಾಗಿರಿ" ಎಂಬ ಸಲಹೆಯಿಂದ ಯಾರಿಗೂ ಪ್ರಯೋಜನವಾಗುವುದಿಲ್ಲ. ಈ ಮೂರು ಹೊರೆಗಳನ್ನು ಒಂದೊಂದಾಗಿ ಇಳಿಸುವ ತಯಾರಿ ಬೇಕು. ಕೆಳಗಿನ ಪ್ರತಿ ಹೆಜ್ಜೆಯೂ ಅದಕ್ಕಾಗಿಯೇ ಇದೆ. ಉದಾಹರಣೆಗೆ ಜೋಳದ ರೊಟ್ಟಿಯ ವಿಡಿಯೊವನ್ನೇ ಉದ್ದಕ್ಕೂ ಇಟ್ಟುಕೊಂಡಿದ್ದೇವೆ. ನಿಮ್ಮದು ಕೃಷಿ, ಗಣಿತ ಪಾಠ, ಹೊಲಿಗೆ, ಬ್ಯಾಂಕ್ ಸಾಲದ ವಿವರ, ಯಾವುದಾದರೂ ಕ್ರಮ ಇದೇ.

ಹೆಜ್ಜೆ 1: ಯಾರಿಗೆ ಹೇಳುತ್ತಿದ್ದೀರಿ ಎಂದು ಮೊದಲು ಗೊತ್ತುಮಾಡಿ

ಕನ್ನಡದಲ್ಲಿ ಎದುರಿಗಿರುವವರು ಯಾರೆಂದು ತೀರ್ಮಾನಿಸದೆ ಬಾಯಿ ತೆರೆಯಲಾಗುವುದಿಲ್ಲ. ನೀನು ಅನ್ನಬೇಕೆ, ನೀವು ಅನ್ನಬೇಕೆ, "ನೋಡು" ಅನ್ನಬೇಕೆ, "ನೋಡ್ರಿ" ಅನ್ನಬೇಕೆ, ಎಲ್ಲವೂ ಸಂಬಂಧದ ಮೇಲೆ ನಿಂತಿದೆ. ಕ್ಯಾಮೆರಾ ಎದುರು ಯಾರೂ ಇಲ್ಲದಿರುವುದರಿಂದ ನಾಲಿಗೆ ದಾರಿ ಕಾಣದೆ "ವೀಕ್ಷಕರೇ" ಎಂಬ ಪದವನ್ನು ಹಿಡಿಯುತ್ತದೆ. ಮನೆಯಲ್ಲಿ ನಾವು ಯಾರನ್ನೂ ವೀಕ್ಷಕರೇ ಎಂದು ಕರೆಯುವುದಿಲ್ಲ. ಆ ಪದ ಬಾಯಿಗೆ ಬಂದ ಕೂಡಲೇ ಅದರ ಹಿಂದೆ ಟಿವಿ ನಿರೂಪಣೆಯ ದನಿಯೂ ಬರುತ್ತದೆ.

ಆದ್ದರಿಂದ ಒಬ್ಬರನ್ನು ಆರಿಸಿಕೊಳ್ಳಿ. "ಗೃಹಿಣಿಯರು", "ಯುವಕರು" ಎಂಬ ಗುಂಪು ಸಾಲದು. ಮದುವೆಯಾಗಿ ಬೆಂಗಳೂರಿಗೆ ಹೋದ, ಮೊದಲ ಸಲ ರೊಟ್ಟಿ ತಟ್ಟುತ್ತಿರುವ ನಿಮ್ಮ ತಂಗಿ. ಅಥವಾ ಹಾಸ್ಟೆಲ್ ಬಿಟ್ಟು ರೂಮು ಮಾಡಿರುವ ಚಿಕ್ಕಪ್ಪನ ಮಗ. ಅವರು ನಿಮ್ಮನ್ನು ಕೇಳುವ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಒಂದು ಚೀಟಿಯಲ್ಲಿ ಬರೆಯಿರಿ: "ಅಕ್ಕ, ತಟ್ಟೋಕೆ ಹೋದ್ರೆ ಅಂಚೆಲ್ಲ ಬಿರಿಯುತ್ತೆ, ಏನ್ಮಾಡ್ಲಿ?" ಆ ಚೀಟಿಯನ್ನು ಲೆನ್ಸ್‌ನ ಪಕ್ಕಕ್ಕೇ ಅಂಟಿಸಿ. ನಿಮ್ಮ ವಿಡಿಯೊ ಈ ಪ್ರಶ್ನೆಗೆ ಉತ್ತರ.

ಮನೆಯವರು ಯಾರಾದರೂ ಸಿಕ್ಕರೆ ಇನ್ನೂ ಒಳ್ಳೆಯದು. ಅವರನ್ನು ಫೋನಿನ ಪಕ್ಕ ನಿಲ್ಲಿಸಬೇಡಿ. ನಿಮ್ಮ ಕಣ್ಣು ಪಕ್ಕಕ್ಕೇ ಹೋಗುತ್ತದೆ. ಫೋನಿನ ನೇರ ಹಿಂದೆ, ಅವರ ಕಣ್ಣು ಲೆನ್ಸ್‌ಗಿಂತ ನಾಲ್ಕು ಬೆರಳು ಮೇಲಿರುವಂತೆ ಕೂರಿಸಿ. "ಹೂಂ" ಎನ್ನದೆ ತಲೆಯಾಡಿಸಲಿ. ಅರ್ಥವಾಗದಿದ್ದರೆ ಹುಬ್ಬು ಗಂಟಿಕ್ಕಲಿ. ಆ ಗಂಟು ಕಂಡಾಗ ನೀವು ಬೇರೆ ಮಾತಿನಲ್ಲಿ ಮತ್ತೊಮ್ಮೆ ಹೇಳುತ್ತೀರಲ್ಲ, ವಿಡಿಯೊದ ಅತ್ಯಂತ ಒಳ್ಳೆಯ ಅರ್ಧ ನಿಮಿಷ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಹೆಜ್ಜೆ 2: ಯಾವ ಕನ್ನಡ?

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಕನ್ನಡದಲ್ಲಿ ವಿಡಿಯೊ ಮಾಡುವವರು ಹೆಚ್ಚಾಗಿ ಎಡವುವುದು ಈ ಜಾಗದಲ್ಲೇ.

ನಾವು ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ. ಓದುವಾಗ "ಹಾಕಬೇಕಾಗುತ್ತದೆ" ಎಂಬುದು ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ. ಮುಖಾಮುಖಿ ಆಡಿದರೆ ಭಾಷಣವಾಗುತ್ತದೆ. ಗ್ರಂಥಸ್ಥ ರೂಪಕ್ಕೆ ಹಾರುವುದು ಗೌರವ ಸಿಗಲಿ ಎಂಬ ಆಸೆಯಿಂದ. ಆದರೆ ಅದರ ಬೆಲೆ ದೊಡ್ಡದು: ವಾಕ್ಯ ಕಟ್ಟುವುದಕ್ಕೇ ಗಮನ ಹೋಗುತ್ತದೆ, ಎರಡು ನಿಮಿಷದಲ್ಲಿ ಸುಸ್ತಾಗಿ ಅರ್ಧ ಗ್ರಂಥಸ್ಥ ಅರ್ಧ ಆಡುಮಾತು ಬೆರೆತ ಎಡಬಿಡಂಗಿ ಭಾಷೆ ಬರುತ್ತದೆ. ಕೇಳುವವರಿಗೆ ಯಾವುದೋ ಸುಳ್ಳು ಇದೆ ಅನಿಸುವುದು ಆ ಬೆರಕೆಯಿಂದ.

ನಿಮ್ಮ ಊರಿನ ಮಾತನ್ನೇ ಇಟ್ಟುಕೊಳ್ಳಿ. ಮೈಸೂರಿನ ಕಡೆಯವರು "ಹಿಟ್ಟಿಗೆ ಕುದಿಯೋ ನೀರೇ ಹಾಕ್ಬೇಕು, ಆರಿದ ನೀರು ಹಾಕಿದ್ರೆ ಅಂಚು ಬಿರಿಯುತ್ತೆ" ಅಂದರೆ ಚೆನ್ನ. ಧಾರವಾಡದವರು "ಹಿಟ್ಟಿಗೆ ಕುದಿಯೂ ನೀರ ಹಾಕಬೇಕ್ರಿ, ಆರಿದ ನೀರು ಹಾಕಿದ್ರ ಬಡಿಯೂ ಮುಂದ ಅಂಚು ಒಡೀತಾವ" ಅಂದರೂ ಅಷ್ಟೇ ಚೆನ್ನ. ಕುಂದಾಪುರ, ಮಂಗಳೂರು, ಕಲಬುರಗಿ, ಚಾಮರಾಜನಗರ, ಎಲ್ಲ ಕಡೆಯ ಮಾತೂ ಉಳಿದ ಕಡೆಯವರಿಗೆ ತಿಳಿಯುತ್ತದೆ. ಎಲ್ಲೋ ಒಂದೆರಡು ಪದ ತಿಳಿಯದೇ ಹೋಗಬಹುದು. ಅದಕ್ಕಾಗಿ ಇಡೀ ಮಾತು ಬದಲಿಸಬೇಕಿಲ್ಲ. "ಹಂಚು, ಅಂದ್ರೆ ತವಾ" ಎಂದು ಒಂದು ಸಲ ಜೋಡಿಸಿ ಹೇಳಿ. ಅಥವಾ ಆ ಪದ ಬರುವಾಗ ವಸ್ತುವನ್ನೇ ಕ್ಯಾಮೆರಾಕ್ಕೆ ತೋರಿಸಿ.

ಇಂಗ್ಲಿಷ್ ಪದಗಳ ಬಗ್ಗೆ ನಮ್ಮ ಅಳತೆ ಇಷ್ಟೇ: ಮನೆಯಲ್ಲಿ ಯಾವುದನ್ನು ಬಳಸುತ್ತೀರೋ ಅದನ್ನು ಬಳಸಿ. ಕುಕ್ಕರ್, ಮಿಕ್ಸಿ, ಗ್ಯಾಸ್ ಎಂದು ಧಾರಾಳವಾಗಿ ಹೇಳಿ. ಆದರೆ ಮನೆಯಲ್ಲಿ "ಉಪ್ಪು ಹಾಕು" ಎನ್ನುವವರು ವಿಡಿಯೊದಲ್ಲಿ ಮಾತ್ರ "ಈಗ ಇದಕ್ಕೆ ಉಪ್ಪನ್ನ ಆ್ಯಡ್ ಮಾಡ್ಕೊಳ್ತಾ ಇದ್ದೀನಿ" ಎನ್ನುವುದು ಎರವಲು ತಂದ ಮಾತು. ಅಡುಗೆ ವಿಡಿಯೊಗಳಲ್ಲಿ ಈ "ಹಾಕ್ಕೊಳ್ತಾ ಇದ್ದೀನಿ, ತಿರುವಿಕೊಳ್ತಾ ಇದ್ದೀನಿ, ಮುಚ್ಚಿಡ್ತಾ ಇದ್ದೀನಿ" ಬೇರೂರಿಬಿಟ್ಟಿದೆ. ನೀವು ಉಪ್ಪು ಹಾಕುವುದು ಕಣ್ಣಿಗೆ ಕಾಣುತ್ತಿದೆ. ಕಾಣದ್ದನ್ನು ಹೇಳಿ: ಎಷ್ಟು, ಯಾಕೆ, ಯಾವಾಗ ನಿಲ್ಲಿಸಬೇಕು. "ಉಪ್ಪು ನೀರಿಗೇ ಹಾಕಿ, ಹಿಟ್ಟಿಗೆ ಹಾಕಿದ್ರೆ ಎಲ್ಲ ಕಡೆ ಸಮ ಆಗಲ್ಲ." ಒಂದೇ ಕೆಲಸ, ಆದರೆ ಈಗ ಮಾತಿಗೆ ಅರ್ಥ ಬಂತು.

ಅಕಾರ ಹಕಾರದ ಹೆದರಿಕೆ ಅನೇಕರ ಬಾಯಿ ಕಟ್ಟಿಹಾಕುತ್ತದೆ. "ಹಾಲು" ಅನ್ನಬೇಕಾದಲ್ಲಿ "ಆಲು" ಬಂದುಬಿಟ್ಟರೆ ಜನ ಆಡಿಕೊಳ್ಳುತ್ತಾರೆ ಎಂಬ ಭಯ. ಪರಿಹಾರ ಇದೆ: ನಿಮ್ಮ ವಿಷಯದ ಮುಖ್ಯ ಪದಗಳು ಹತ್ತಕ್ಕಿಂತ ಹೆಚ್ಚಿರುವುದಿಲ್ಲ. ಅಷ್ಟನ್ನು ಮಾತ್ರ ರೆಕಾರ್ಡಿಂಗ್‌ಗೆ ಮುಂಚೆ ನಾಲ್ಕು ಸಲ ಜೋರಾಗಿ ಹೇಳಿಕೊಳ್ಳಿ, ಉಳಿದದ್ದನ್ನು ಅದರ ಪಾಡಿಗೆ ಬಿಡಿ. ಪ್ರತಿ ಪದಕ್ಕೂ ನಾಲಿಗೆ ಕಾಯುತ್ತ ಕುಳಿತರೆ ಮಾತು ಮುರಿಯುತ್ತದೆ. ಇದ್ದ ಹಕಾರವೂ ಬೇಡದ ಕಡೆ ಬಂದು ಕೂರುತ್ತದೆ.

ಹೆಜ್ಜೆ 3: ಬಾಯಿಪಾಠ ಬೇಡ, ಚೀಟಿ ಸಾಕು

ಪೂರ್ತಿ ಬರೆದು ಬಾಯಿಪಾಠ ಮಾಡಿದ ಮಾತು ಕೂಡಲೇ ಗೊತ್ತಾಗುತ್ತದೆ. ನೆನಪು ಹುಡುಕುವಾಗ ಕಣ್ಣು ಲೆನ್ಸ್ ಬಿಟ್ಟು ಮೇಲಕ್ಕೋ ಪಕ್ಕಕ್ಕೋ ಓಡುತ್ತದೆ. ಪ್ರತಿ ವಾಕ್ಯವೂ ಒಂದೇ ರಾಗದಲ್ಲಿ ಮುಗಿಯುತ್ತದೆ. ಒಂದು ಪದ ಮರೆತರೆ ಇಡೀ ಸಾಲು ಕುಸಿಯುತ್ತದೆ. ಇನ್ನೊಂದು ಕಡೆ, ಏನೂ ಬರೆಯದೆ ಶುರು ಮಾಡಿದರೆ ಮೊದಲ ಒಂದೂವರೆ ನಿಮಿಷ ಸುತ್ತಿ ಬಳಸಿಯೇ ಹೋಗುತ್ತದೆ.

ನಡುವಿನ ದಾರಿ ಹೀಗಿದೆ. ಅಂಗೈಯಗಲದ ಒಂದು ರಟ್ಟಿನ ತುಂಡು ತೆಗೆದುಕೊಳ್ಳಿ. ಮೊದಲ ವಾಕ್ಯ ಪೂರ್ತಿ ಬರೆಯಿರಿ. ಕೊನೆಯ ವಾಕ್ಯವನ್ನೂ ಪೂರ್ತಿ ಬರೆಯಿರಿ. ನಡುವೆ ಐದು ಸಾಲು, ಪ್ರತಿ ಸಾಲಿನಲ್ಲಿ ಎರಡು ಮೂರು ಪದ ಮಾತ್ರ. ರೊಟ್ಟಿಯ ವಿಡಿಯೊಕ್ಕೆ ಚೀಟಿ ಇಷ್ಟೇ:

ರೊಟ್ಟಿ ಒಡೆಯೋದು ಕೈ ತಪ್ಪಿಂದ ಅಲ್ಲ, ನೀರಿನ ತಪ್ಪಿಂದ.
ಎಸರು: ದೊಡ್ಡ ಗುಳ್ಳೆ
ಹಿಟ್ಟು: ಬೀಸಿ ಎಷ್ಟು ದಿನ
ನಾದೋದು: ಬಿಸಿ ಇರುವಾಗಲೇ
ಅಂಚು: ಬೆರಳು ಒತ್ತಿ
ಹಂಚು: ಮೇಲೆ ನೀರು ಸವರಿ
ಒಡೆದ ರೊಟ್ಟಿ ಎಸೀಬೇಡಿ, ಮೊಸರಿಗೆ ಮುರಿದು ಹಾಕಿ.

ಮೊದಲ ವಾಕ್ಯ ಬಾಯಲ್ಲಿ ಕೂತಿರಬೇಕು, ಏಕೆಂದರೆ ಎದೆಬಡಿತ ಹೆಚ್ಚಿರುವುದು ಆ ಹೊತ್ತಿನಲ್ಲೇ. ಕೊನೆಯದೂ ಕೂತಿರಬೇಕು, ಇಲ್ಲವಾದರೆ "ಸೋ... ಇಷ್ಟೇ... ಹಾಗಾದ್ರೆ..." ಎಂದು ಎಳೆಯುತ್ತ ಹೋಗುತ್ತೀರಿ. ನಡುವಿನದು ನಿಮಗೆ ಗೊತ್ತೇ ಇದೆ. ಜೋಳದಲ್ಲಿ ಗೋಧಿಯಂತೆ ಅಂಟು ಹಿಡಿಸುವ ಗ್ಲುಟೆನ್ ಇಲ್ಲ, ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅದೇ ಅಂಟಿನ ಕೆಲಸ ಮಾಡುತ್ತದೆ ಎಂಬುದನ್ನು ವಿವರಿಸಲು ನಿಮಗೆ ಬರೆದ ವಾಕ್ಯ ಬೇಕಿಲ್ಲ. ಬರೆದ ವಾಕ್ಯ ಬೇಕೆನಿಸಿದರೆ ಆ ವಿಷಯ ಇನ್ನೂ ಸರಿಯಾಗಿ ತಿಳಿದಿಲ್ಲ ಎಂದರ್ಥ. ಅದನ್ನು ಬಿಟ್ಟುಬಿಡಿ, ಇಲ್ಲವೇ ಇನ್ನೊಂದು ದಿನ ತಿಳಿದು ಮಾಡಿ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉದ್ದ ವಾಕ್ಯ ಹಿಡಿದರೆ ಉಸಿರು ಮುಗಿಯುವ ಹೊತ್ತಿಗೆ ಸರಿಯಾಗಿ ಅರ್ಥ ಹೊತ್ತ ಪದ ಬರುತ್ತದೆ, ಅದು ನುಂಗಿಹೋಗುತ್ತದೆ. "ಮಾಡಬೇಕು" ಅಂದರೋ "ಮಾಡಬಾರದು" ಅಂದರೋ ಕೇಳಿಸುವುದೇ ಇಲ್ಲ. ಎಂಟು ಹತ್ತು ಪದದೊಳಗೆ ವಾಕ್ಯ ಮುಗಿಸಿ. ಮುಖಾಮುಖಿ ಮಾತಿನಲ್ಲಿ ನಾವು ಮುಖ್ಯ ಸಂಗತಿ ಮೊದಲು ಹೇಳಿ, ಉಳಿದದ್ದನ್ನು ಹಿಂದೆ ಜೋಡಿಸುತ್ತೇವೆ: "ಒಡೆದೇ ಒಡೆಯುತ್ತೆ ರೊಟ್ಟಿ, ನೀರು ಆರಿದ್ರೆ." ವ್ಯಾಕರಣದ ಕ್ರಮ ತಪ್ಪಿದೆ ಎಂದು ತಿದ್ದಲು ಹೋಗಬೇಡಿ.

ಕಾನೂನು, ಔಷಧಿಯ ಪ್ರಮಾಣ, ಬಡ್ಡಿ ಲೆಕ್ಕ ಇಂಥವನ್ನು ನೆನಪಿನಿಂದ ಹೇಳುವುದು ಅಪಾಯ. ಅಲ್ಲಿ ಓದಿ, ಆದರೆ ಓದುತ್ತಿದ್ದೀರಿ ಎಂದು ತೋರಿಸಿಯೇ ಓದಿ: ಕಾಗದ ಕೈಯಲ್ಲಿ ಹಿಡಿದು "ಆದೇಶದಲ್ಲಿ ಹೀಗಿದೆ, ಓದ್ತೀನಿ" ಎನ್ನಿ. ಅದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಟೆಲಿಪ್ರಾಂಪ್ಟರ್ (ಬರೆದ ಮಾತನ್ನು ಪರದೆಯ ಮೇಲೆ ಸಾಲು ಸಾಲಾಗಿ ಓಡಿಸುವ ಸಾಧನ) ಬಳಸಲೇಬೇಕಿದ್ದರೆ ಅಕ್ಷರದ ಸಾಲು ಕಿರಿದಾಗಿರಲಿ, ಲೆನ್ಸ್‌ನ ಹತ್ತಿರವೇ ಇರಲಿ, ನೀವು ಐದಾರು ಅಡಿ ದೂರ ಕೂರಿ. ಹತ್ತಿರ ಕೂತಷ್ಟೂ ಕಣ್ಣುಗುಡ್ಡೆ ಎಡಬಲ ಓಡಾಡುವುದು ಎದ್ದು ಕಾಣುತ್ತದೆ.

ಹೆಜ್ಜೆ 4: ಫೋನು ಎಲ್ಲಿ, ಎಷ್ಟು ದೂರ

ಹಿಂಬದಿಯ ಕ್ಯಾಮೆರಾ ಬಳಸಿ. ಚಿತ್ರ ಚೆನ್ನಾಗಿ ಬರುತ್ತದೆ ಎಂಬುದು ಒಂದು ಕಾರಣ. ನಿಮ್ಮ ಮುಖ ನಿಮಗೆ ಕಾಣುವುದಿಲ್ಲ ಎಂಬುದು ದೊಡ್ಡ ಕಾರಣ. ತಲೆಯ ಎರಡನೇ ಹೊರೆ ಅಲ್ಲಿಗೇ ಇಳಿಯಿತು. ಮುಂಬದಿಯ ಕ್ಯಾಮೆರಾವೇ ಗತಿಯಾದರೆ ಪರದೆಯ ಮೇಲೆ ಕಾಗದ ಅಂಟಿಸಿ, ಲೆನ್ಸ್ ಮಾತ್ರ ಬಿಡಿ.

ಮುಖಕ್ಕೂ ಫೋನಿಗೂ ನಾಲ್ಕರಿಂದ ಐದು ಅಡಿ ಇರಲಿ. ಕೈಯಲ್ಲಿ ಹಿಡಿದು 12 ಇಂಚು ದೂರದಿಂದ ತೆಗೆದರೆ, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುವ ಸರಳ ಲೆಕ್ಕ ಅದು. "ನನ್ನ ಮುಖ ವಿಡಿಯೊಗೆ ಒಗ್ಗಲ್ಲ" ಎಂದು ಕೈಬಿಟ್ಟವರಲ್ಲಿ ಎಷ್ಟೋ ಮಂದಿಗೆ ತೊಂದರೆ ಮುಖದ್ದಲ್ಲ, ದೂರದ್ದು. ಲೆನ್ಸ್ ನಿಮ್ಮ ಕಣ್ಣಿನ ಮಟ್ಟಕ್ಕಿರಲಿ. ಕೆಳಗಿಟ್ಟರೆ ನೋಡುವವರನ್ನು ಗದರಿಸುತ್ತಿರುವಂತೆ, ಮೇಲಿಟ್ಟರೆ ಅಂಗಲಾಚುತ್ತಿರುವಂತೆ ಕಾಣುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಹಿಟ್ಟಿನ ಡಬ್ಬಿಗಳ ಮೇಲೆ ಫೋನು ಒರಗಿಸಿ ಎತ್ತರ ಹೊಂದಿಸಬಹುದು. ಡಬ್ಬಿ ತುಂಬಿರಲಿ, ಖಾಲಿ ಡಬ್ಬಿ ಅಲುಗಾಡುತ್ತದೆ.

ಶುರು ಮಾಡುವ ಮುಂಚೆ, ಇದೇ ಕ್ರಮದಲ್ಲಿ: ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ (ಅಡುಗೆಮನೆಯ ಫೋನಿಗೆ ಎಣ್ಣೆ ಬೆರಳಿನ ಮಸುಕು ಖಂಡಿತ ಇರುತ್ತದೆ). ಏರೋಪ್ಲೇನ್ ಮೋಡ್ ಹಾಕಿ, ಕರೆ ಬಂದು ರೆಕಾರ್ಡಿಂಗ್ ನಿಲ್ಲದಿರಲಿ. ಜಾಗ ನೋಡಿ; 1080ಪಿ ವಿಡಿಯೊಗೆ ನಿಮಿಷಕ್ಕೆ ಸುಮಾರು 60ರಿಂದ 130 ಎಂಬಿ ಬೇಕು, ಆದ್ದರಿಂದ 5 ಜಿಬಿಯಾದರೂ ಖಾಲಿ ಇರಲಿ. ಪರದೆಯಲ್ಲಿ ಮುಖ ಬರುವ ಜಾಗವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ನಂತರ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಈ ಹತ್ತು ಸೆಕೆಂಡ್ ಪರೀಕ್ಷೆ ಬಿಟ್ಟವರೇ ಮಾತಿನ ನಡುವೆ ಫೋನಿನತ್ತ ಕಳ್ಳನೋಟ ಬೀರುವುದು. ಮೂರನೇ ಹೊರೆ ಇಳಿಯುವುದು ಇಲ್ಲಿ.

ಹೆಜ್ಜೆ 5: ಬೆಳಕು ಸ್ವಲ್ಪ, ದನಿ ಬಹಳ

ಬೆಳಕಿಗೆ ಕಿಟಕಿ ಸಾಕು. ಕಿಟಕಿ ನಿಮ್ಮ ಮುಂದಿರಲಿ ಅಥವಾ ಓರೆಯಾಗಿ ಒಂದು ಬದಿಗಿರಲಿ. ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ನೇರ ಬಿಸಿಲು ಬೀಳುತ್ತಿದ್ದರೆ ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದರೆ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಓಡುವುದುಂಟು: ನಮ್ಮ ವಿದ್ಯುತ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾ ಆ್ಯಪ್‌ನ ಪ್ರೊ ಮೋಡ್‌ನಲ್ಲಿ (ಅಳತೆಗಳನ್ನು ನಾವೇ ಹೊಂದಿಸುವ ಆಯ್ಕೆ) ಶಟರ್ ವೇಗವನ್ನು 1/50 ಅಥವಾ 1/100 ಮಾಡಿದರೆ ನಿಲ್ಲುತ್ತದೆ.

ದನಿಯ ವಿಷಯ ಹಾಗಲ್ಲ. ಮೈಕ್ ದೂರವಿದ್ದರೆ ನೀವು ಗಟ್ಟಿಯಾಗಿ ಮಾತಾಡುತ್ತೀರಿ. ಗಟ್ಟಿ ಮಾತಾಡಿದ ಕೂಡಲೇ ರಾಗ ಭಾಷಣದ್ದಾಗುತ್ತದೆ, ನೀವು ಎಷ್ಟೇ ಪ್ರಯತ್ನಪಟ್ಟರೂ. ಮನೆಮಾತಿನ ಮೆಲುದನಿ ಬರಬೇಕಿದ್ದರೆ ಮೈಕ್ ಬಾಯಿಯಿಂದ ಒಂದು ಗೇಣು ಕೆಳಗಿರಬೇಕು. ದುಬಾರಿ ಮೈಕ್ ಬೇಕಿಲ್ಲ, ಕಾಲರ್‌ಗೆ ಸಿಕ್ಕಿಸುವ ವೈರಿನ ಮೈಕ್ ಸಾಕು. ಕ್ಯಾಮೆರಾಗಿಂತ ಮೊದಲು ಹಣ ಹಾಕಬೇಕಾದದ್ದು ಇದಕ್ಕೆ.

ಸಿಕ್ಕಿಸುವ ಜಾಗ ನೋಡಿಕೊಳ್ಳಿ. ಸೀರೆಯ ಸೆರಗಿನ ಅಂಚಿಗೆ ಸಿಕ್ಕಿಸಿದರೆ ಕೈ ಎತ್ತಿದಾಗಲೆಲ್ಲ ಸರಸರ ಸದ್ದು. ಮಾಂಗಲ್ಯದ ಸರ ಮೈಕಿಗೆ ತಾಗಿದರೆ ಟಿಕ್ ಟಿಕ್ ಎನ್ನುತ್ತದೆ. ಸರವನ್ನು ರವಿಕೆಯೊಳಗೆ ಸೇರಿಸಿ ಅಥವಾ ಮೈಕನ್ನು ಭುಜದ ಕಡೆಗೆ ಸರಿಸಿ. ಗಾಜಿನ ಬಳೆಯ ಸದ್ದು ಅಡುಗೆಯಲ್ಲಿ ಕೇಳಲು ಇಂಪು, ಆದರೆ ಮಾತಿನ ಮೇಲೆ ಬಿದ್ದರೆ ಪದ ಮುಚ್ಚುತ್ತದೆ. ಬಳೆ ಸದ್ದು ಮಾಡುತ್ತಿದ್ದರೆ ಮಾತಾಡುವಾಗ ಕೈ ನಿಲ್ಲಿಸಿ, ತಟ್ಟುವಾಗ ಮಾತು ನಿಲ್ಲಿಸಿ. ಫ್ಯಾನ್ ಆರಿಸಿ, ಫ್ರಿಜ್ ಹತ್ತಿರ ಕೂರಬೇಡಿ. ಹಾಸಿಗೆ, ಕಂಬಳಿ, ಬಟ್ಟೆ ಇರುವ ಕೋಣೆಯಲ್ಲಿ ದನಿ ಮಾರ್ದನಿಸುವುದಿಲ್ಲ. ಖಾಲಿ ಹಜಾರದಲ್ಲಿ ಬಾವಿಯೊಳಗಿಂದ ಕೇಳಿದಂತಿರುತ್ತದೆ. ಆ್ಯಪ್‌ನಲ್ಲಿ ದನಿಯ ಮಟ್ಟ ಕಂಡರೆ ಗಟ್ಟಿ ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರುವಂತೆ ನೋಡಿಕೊಳ್ಳಿ; ಸೊನ್ನೆ ಮುಟ್ಟಿದರೆ ದನಿ ಹರಿದುಹೋಗುತ್ತದೆ, ಮತ್ತೆ ಸರಿಮಾಡಲಾಗದು.

ಬೀದಿಯಲ್ಲಿ ತರಕಾರಿಯವರ ಕೂಗು, ದೂರದ ಕುಕ್ಕರ್ ಸೀಟಿ ಬಂದರೆ ಬರಲಿ. ಮನೆಯೊಂದರ ಜೀವ ಅದು.

ಹೆಜ್ಜೆ 6: ರೆಕಾರ್ಡಿಂಗ್

ನಮಸ್ಕಾರ ಹೇಳುವುದರಿಂದ ಶುರು ಮಾಡಬೇಡಿ. ಮೊದಲು ಕೆಲಸದ ನಡುಭಾಗ ತೆಗೆಯಿರಿ: ಎಸರಿಡುವುದು, ಹಿಟ್ಟು ಹಾಕುವುದು, ನಾದುವುದು. ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗಿ ಸಡಿಲವಾಗುತ್ತದೆ. ಆರಂಭದ ಮಾತನ್ನು ಎಲ್ಲ ಮುಗಿದ ಮೇಲೆ, ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿರುವಾಗ ಹೇಳಿ. ಪಾಠ ಹೇಳುವವರಾದರೆ ಕೈಯಲ್ಲಿ ಪೆನ್ನು ಕಾಗದ ಇರಲಿ. ಕೃಷಿಯವರಾದರೆ ಗಿಡದ ಎಲೆ ಹಿಡಿದೇ ಮಾತಾಡಿ. ಬರಿಗೈಯಲ್ಲಿ ನೇರ ಕೂತು ಮಾತಾಡುವುದು ಎಲ್ಲಕ್ಕಿಂತ ಕಷ್ಟದ್ದು, ಅದನ್ನು ಹೊಸಬರು ಮೊದಲಿಗೇ ಆರಿಸಿಕೊಳ್ಳುತ್ತಾರೆ.

ರೆಕಾರ್ಡ್ ಒತ್ತಿದ ಮೇಲೆ ಎರಡು ನಿಮಿಷ ಸುಮ್ಮನೆ ಓಡಲಿ. ಪಾತ್ರೆ ಜೋಡಿಸಿ, ನೀರು ಕುಡಿಯಿರಿ, ಮನೆಯವರೊಂದಿಗೆ ಏನಾದರೂ ಮಾತಾಡಿ. ಆಮೇಲೆ ಒಂದು ಉಸಿರು ಪೂರ್ತಿ ಬಿಟ್ಟು, ಎಳೆದುಕೊಳ್ಳುವ ಮುಂಚೆ ಭುಜ ಇಳಿದಿದೆಯೇ ನೋಡಿಕೊಂಡು, ಮೊದಲ ವಾಕ್ಯ ಹೇಳಿ.

ತಡವರಿಸಿದರೆ ಕ್ಯಾಮೆರಾ ನಿಲ್ಲಿಸಬೇಡಿ. ನಿಲ್ಲಿಸಿ ಮತ್ತೆ ಶುರು ಮಾಡಿದಾಗಲೆಲ್ಲ ಆತಂಕ ಮೊದಲಿನಿಂದ ಏರುತ್ತದೆ. ಎರಡು ಸೆಕೆಂಡ್ ಸುಮ್ಮನಿದ್ದು, ಒಂದು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿನಿಂದ ಹೇಳಿ. ಎಡಿಟ್ ಮಾಡುವಾಗ ಚಪ್ಪಾಳೆಯ ಸದ್ದು ಪರದೆಯ ಮೇಲಿನ ದನಿಯ ಅಲೆಯಲ್ಲಿ ಕಂಬದಂತೆ ಎದ್ದು ಕಾಣುತ್ತದೆ, ಕತ್ತರಿಸುವ ಜಾಗ ಹುಡುಕಬೇಕಿಲ್ಲ. ಒಂದು ಭಾಗವನ್ನು ಮೂರು ಸಲಕ್ಕಿಂತ ಹೆಚ್ಚು ತೆಗೆಯಬೇಡಿ. ನಾಲ್ಕನೆಯದರಿಂದ ಮುಂದೆ ನೀವು ರೊಟ್ಟಿಯ ಬಗ್ಗೆ ಹೇಳುತ್ತಿರುವುದಿಲ್ಲ, ನಿಮ್ಮ ಹಿಂದಿನ ಟೇಕನ್ನು ನೆನಪಿನಿಂದ ನಟಿಸುತ್ತಿರುತ್ತೀರಿ.

ನಗು ಬಂದರೆ ನಗಿ, ಬಾರದಿದ್ದರೆ ಬೇಡ. ಸದಾ ಹಲ್ಲು ತೋರಿಸಿಕೊಂಡು ಸಾಲದ ಬಡ್ಡಿ ವಿವರಿಸುವವರನ್ನು ನಂಬುವುದು ಕಷ್ಟ.

ಹೆಜ್ಜೆ 7: ನಿಮ್ಮದೇ ವಿಡಿಯೊ ನೋಡುವುದು

"ಅಯ್ಯೋ, ನನ್ನ ದನಿ ಹೀಗಾ?" ಎಂದು ಹೆಚ್ಚುಕಡಿಮೆ ಎಲ್ಲರೂ ಗಾಬರಿಪಡುತ್ತಾರೆ. ನೀವು ಮಾತಾಡುವಾಗ ನಿಮ್ಮ ದನಿ ನಿಮಗೆ ಗಾಳಿಯ ಮೂಲಕವೂ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುತ್ತದೆ. ಮೂಳೆ ತಗ್ಗುಸ್ವರವನ್ನು ಚೆನ್ನಾಗಿ ಸಾಗಿಸುತ್ತದೆ. ರೆಕಾರ್ಡಿಂಗ್‌ನಲ್ಲಿ ಗಾಳಿಯ ದನಿ ಮಾತ್ರ ಇರುವುದರಿಂದ ತೆಳುವಾಗಿ ಕೇಳುತ್ತದೆ. ಮುಖವೂ ಹಾಗೆಯೇ: ಕನ್ನಡಿಯಲ್ಲಿ ನೋಡಿ ರೂಢಿಯಾದದ್ದು ಎಡಬಲ ತಿರುಗಿದ ಮುಖ. ಬೈತಲೆ, ಮಚ್ಚೆ, ಓರೆನಗು ಎಲ್ಲ ಎದುರುಬದಿಗೆ ಬಂದಾಗ ನಿಮಗೆ ಮಾತ್ರ ಅಪರಿಚಿತ ಅನಿಸುತ್ತದೆ. ಉಳಿದವರು ನಿಮ್ಮನ್ನು ಯಾವಾಗಲೂ ಹೀಗೆಯೇ ನೋಡಿದ್ದಾರೆ, ಈ ದನಿಯನ್ನೇ ಕೇಳಿದ್ದಾರೆ.

ತೆಗೆದ ದಿನವೇ ನೋಡಬೇಡಿ. ಮರುದಿನ ಮೊದಲು ಫೋನು ಬೋರಲು ಹಾಕಿ ದನಿ ಮಾತ್ರ ಕೇಳಿ, ಭಾಷಣದ ರಾಗ ಎಲ್ಲಿ ಬಂದಿದೆ ಎಂದು ಗುರುತು ಹಾಕಿ. ಆಮೇಲೆ ಶಬ್ದ ಮುಚ್ಚಿ ಚಿತ್ರ ಮಾತ್ರ ನೋಡಿ, ಕಣ್ಣು ಎಲ್ಲಿ ಲೆನ್ಸ್ ಬಿಟ್ಟಿದೆ ಎಂದು ನೋಡಿ. ಎರಡು ದೋಷ ಮಾತ್ರ ಬರೆದುಕೊಳ್ಳಿ, ಮುಂದಿನ ವಿಡಿಯೊದಲ್ಲಿ ಅವೆರಡನ್ನೇ ತಿದ್ದಿ. ಹತ್ತು ದೋಷ ಪಟ್ಟಿ ಮಾಡಿದವರು ಮುಂದಿನ ಸಲ ಹತ್ತನ್ನೂ ನೆನಪಿಟ್ಟುಕೊಳ್ಳಲು ಹೋಗಿ ಇನ್ನಷ್ಟು ಬಿಗಿಯುತ್ತಾರೆ.

ಹೆಜ್ಜೆ 8: ಎಡಿಟಿಂಗ್‌ನಲ್ಲಿ ಕೈ ಹಿಡಿತ

ಉಸಿರನ್ನೆಲ್ಲ ಕತ್ತರಿಸಿ ಹಾಕುವುದು ಈಗಿನ ರೂಢಿ. ವಾಕ್ಯದ ಬಾಲಕ್ಕೆ ವಾಕ್ಯದ ತಲೆ ತಾಗಿಸಿದರೆ ವೇಗ ಬರುತ್ತದೆ, ಮನುಷ್ಯರು ಕಾಣೆಯಾಗುತ್ತಾರೆ. ಒಂದು ಸೆಕೆಂಡಿಗಿಂತ ಉದ್ದದ ಖಾಲಿ ಜಾಗ ಕತ್ತರಿಸಿ. ಅದಕ್ಕಿಂತ ಚಿಕ್ಕದನ್ನು ಬಿಡಿ. ನೋಡುವವರು ಯೋಚಿಸಬೇಕಾದ ಜಾಗದಲ್ಲಿ, "ಈ ಅಂಚು ನೋಡಿ" ಅಂದ ಮೇಲೆ, ಎರಡು ಸೆಕೆಂಡ್ ಮೌನ ಇಡಿ. ತಡವರಿಸಿದ ಮಾತು ಅರ್ಥ ಕೆಡಿಸುತ್ತಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಉಳಿಸಿ. ಮುಖದ ಫಿಲ್ಟರ್ ಬೇಡವೆಂದೇ ನಮ್ಮ ಸಲಹೆ: ಕೈ ಹಣೆಯ ಮುಂದೆ ಬಂದಾಗ ಫಿಲ್ಟರ್ ಜಾರಿ ಚರ್ಮದ ಬಣ್ಣ ಕ್ಷಣಕ್ಕೆ ಬದಲಾಗುತ್ತದೆ. ಅದನ್ನು ಒಮ್ಮೆ ಕಂಡವರು ಹಿಟ್ಟಿನ ಬಣ್ಣವನ್ನೂ ಅನುಮಾನಿಸುತ್ತಾರೆ. ಹಿನ್ನೆಲೆ ಸಂಗೀತ ಮಾತಿನ ಕೆಳಗೆ ಬೇಡ. ಹಾಕಲೇಬೇಕಿದ್ದರೆ ಮಾತಿಲ್ಲದ ಜಾಗದಲ್ಲಿ ಹಾಕಿ.

ಒಡೆದ ರೊಟ್ಟಿಯನ್ನು ಉಳಿಸಿ. ಮೊದಲನೆಯದು ಒಡೆಯಿತು, ಎಸರು ಸ್ವಲ್ಪ ಆರಿತ್ತು, ಎರಡನೆಯದು ಸರಿಹೋಯಿತು. ಈ ಮೂರನ್ನೂ ನೋಡಿದವರು ತಮ್ಮ ಮನೆಯಲ್ಲಿ ಒಡೆದಾಗ ಏನು ಮಾಡಬೇಕೆಂದು ಕಲಿಯುತ್ತಾರೆ. ಆದರೆ ಬೇಕೆಂದೇ ಒಡೆದು "ಅಯ್ಯೋ" ಎನ್ನಬೇಡಿ. ತಿಳಿದು ಮಾಡಿ ತೋರಿಸುವುದಾದರೆ "ಆರಿದ ನೀರು ಹಾಕಿದ್ರೆ ಹೇಗಾಗುತ್ತೆ ಅಂತ ಬೇಕಂತಲೇ ಮಾಡಿ ತೋರಿಸ್ತೀನಿ" ಎಂದು ಹೇಳಿಯೇ ಮಾಡಿ.

ಹೆಜ್ಜೆ 9: ಯಾವುದನ್ನು ತೋರಿಸಬಾರದು, ಯಾವುದನ್ನು ಮುಚ್ಚಬಾರದು

ಪ್ರಾಮಾಣಿಕವಾಗಿರುವುದೆಂದರೆ ಮನೆಯನ್ನೆಲ್ಲ ಬಯಲಿಗಿಡುವುದಲ್ಲ. ಮಕ್ಕಳ ಶಾಲೆಯ ಸಮವಸ್ತ್ರ, ಗೇಟಿನ ನಂಬರು, ಗಾಡಿಯ ನಂಬರ್ ಪ್ಲೇಟು, ಕೊರಿಯರ್ ಡಬ್ಬಿಯ ಮೇಲಿನ ವಿಳಾಸ, ಕಪಾಟಿನ ಕನ್ನಡಿಯಲ್ಲಿ ಕಾಣುವ ಒಳಕೋಣೆ, ಇವನ್ನು ಪ್ರತಿ ವಿಡಿಯೊದಲ್ಲೂ ಒಮ್ಮೆ ತಪಾಸಣೆ ಮಾಡಿ. ಊರಿಗೆ ಹೋದ ವಿಡಿಯೊವನ್ನು ವಾಪಸ್ ಬಂದ ಮೇಲೆ ಹಾಕಿ. ಮನೆಯವರ ಕಾಯಿಲೆ, ಜಗಳ, ಸಾಲ ನಿಮ್ಮೊಬ್ಬರ ಕಥೆಯಲ್ಲ. ಅವರನ್ನು ಕೇಳದೆ ಹೇಳುವ ಹಕ್ಕು ನಿಮಗಿಲ್ಲ. ಕಣ್ಣೀರು ಬಂದ ಹೊತ್ತಿನಲ್ಲಿ ಕ್ಯಾಮೆರಾ ಹುಡುಕಬೇಡಿ. ವಾರ ಕಳೆದ ಮೇಲೂ ಹೇಳಬೇಕೆನಿಸಿದರೆ ಆಗ ಹೇಳಿ.

ಮುಚ್ಚಬಾರದ್ದು ಹಣದ ಸಂಬಂಧ. ಹಿಟ್ಟಿನ ಕಂಪನಿಯೊಂದು ದುಡ್ಡು ಕೊಟ್ಟಿದ್ದರೆ ಮಾತ್ರವಲ್ಲ, ಪುಕ್ಕಟೆ ಪ್ಯಾಕೆಟ್, ರಿಯಾಯಿತಿ, ಪ್ರವಾಸ, ಉಡುಗೊರೆ ಕೊಟ್ಟಿದ್ದರೂ ಹೇಳಲೇಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಿದೆ. ವಿಡಿಯೊದ ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೊದೊಳಗೇ ಮಾತಿನಲ್ಲೂ ಅಕ್ಷರದಲ್ಲೂ ಬರಬೇಕು. ಲೈವ್ ಆದರೆ ಉದ್ದಕ್ಕೂ ಕಾಣುತ್ತಿರಬೇಕು. ಜಾಹೀರಾತು ಗುಣಮಟ್ಟ ಮಂಡಳಿಯಾದ ಎಎಸ್‌ಸಿಐ 2021ರಲ್ಲಿ ತಂದ ನಿಯಮಗಳಲ್ಲಿ ಅಳತೆಯೂ ಇದೆ: 15 ಸೆಕೆಂಡಿನವರೆಗಿನ ವಿಡಿಯೊದಲ್ಲಿ ಇದು ಜಾಹೀರಾತು ಎಂದು ತಿಳಿಸುವ ಗುರುತಿನ ಪಟ್ಟಿ ಕನಿಷ್ಠ 3 ಸೆಕೆಂಡ್, ಎರಡು ನಿಮಿಷದೊಳಗಿನದರಲ್ಲಿ ವಿಡಿಯೊದ ಮೂರನೇ ಒಂದು ಭಾಗ, ಎರಡು ನಿಮಿಷ ದಾಟಿದರೆ ಆ ವಸ್ತುವಿನ ಬಗ್ಗೆ ಹೇಳುವ ಭಾಗದುದ್ದಕ್ಕೂ ಇರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಪ್ರಚಾರಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ.

ಹೇಳುವ ರೀತಿ ಕಷ್ಟದ್ದೇನಲ್ಲ. "ಈ ಹಿಟ್ಟನ್ನ ಕಂಪನಿಯವರು ದುಡ್ಡು ಕೊಟ್ಟು ತೋರಿಸೋಕೆ ಹೇಳಿದ್ದಾರೆ. ಎರಡು ವಾರ ಬಳಸಿದೆ. ತಟ್ಟೋಕೆ ಚೆನ್ನಾಗಿದೆ, ರೇಟು ಮಾತ್ರ ಗಿರಣಿ ಹಿಟ್ಟಿಗಿಂತ ಜಾಸ್ತಿ." ಮೊದಲ ಅರ್ಧ ನಿಮಿಷದಲ್ಲೇ, ಮೊದಲ ವಾಕ್ಯ ಹೇಳಿದ ದನಿಯಲ್ಲೇ ಹೇಳಿ. ಬಳಸದ ವಸ್ತುವಿಗೆ ಒಪ್ಪಿಕೊಳ್ಳಬೇಡಿ. ಕಂಪನಿ ಕಳಿಸಿದ ಬರಹವನ್ನು ಹಾಗೆಯೇ ಓದಬೇಕೆಂದರೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ "ನನ್ನ ಮಾತಲ್ಲಿ ಹೇಳ್ತೀನಿ, ಇಷ್ಟವಾಗದ್ದನ್ನೂ ಹೇಳ್ತೀನಿ" ಎಂದು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ವಿಡಿಯೊ ಹಾಕುವಾಗ ಯೂಟ್ಯೂಬ್‌ನಲ್ಲಿ ಪಾವತಿಸಿದ ಪ್ರಚಾರ ಇದೆ ಎಂಬ ಗುರುತನ್ನೂ ಹಾಕಿ.

ಹಾಕಿದ ಮೇಲೆ ತಪ್ಪು ಹೇಳಿದ್ದು ಗೊತ್ತಾದರೆ? ಯೂಟ್ಯೂಬ್‌ನಲ್ಲಿ ಅದೇ ಲಿಂಕ್‌ಗೆ ಹೊಸ ಫೈಲ್ ಹಾಕಲಾಗುವುದಿಲ್ಲ, ಆದರೆ ಯೂಟ್ಯೂಬ್ ಸ್ಟುಡಿಯೊ ಎಂಬ ಅದರ ನಿರ್ವಹಣಾ ಪುಟದ ಎಡಿಟರ್‌ನಲ್ಲಿ ತಪ್ಪಿನ ಭಾಗವನ್ನು ಕತ್ತರಿಸಬಹುದು. ಅಳತೆ, ಔಷಧಿ, ಕೊನೆಯ ದಿನಾಂಕ ಇಂಥ ತಪ್ಪಾದರೆ ಅದೇ ದಿನ ಕತ್ತರಿಸಿ, ವಿವರಣೆಯ ಮೊದಲ ಸಾಲಿನಲ್ಲೇ "ಇಷ್ಟನೇ ನಿಮಿಷದಲ್ಲಿ ನೀರಿನ ಅಳತೆ ತಪ್ಪು ಹೇಳಿದ್ದೆ, ಸರಿಯಾದದ್ದು ಇದು" ಎಂದು ಬರೆಯಿರಿ. ಮುಂದಿನ ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಿ, ಒಂದೇ ವಾಕ್ಯದಲ್ಲಿ. ಆಮೇಲೆ ಎಸರಿಡಿ.